ಎಡಗಡೆಯ ಸುಣ್ಣ

"ಒತ್ತು."

ಮಾಯಾ ಒತ್ತಿದಳು.

"ಹಿಡಿ."

ಹಿಡಿದಳು. ಬಲಗಡೆಯ ಗಾಲಿ ಇರಬೇಕಾದ ಜಾಗದಲ್ಲಿ ನಟ್ಟು ಬಿಚ್ಚುವ ಪಾನಾ ತಿರುಗಿದ ಸದ್ದಾಯಿತು. ಕಾಲಡಿಯ ಪೆಡಲು ನಿಟ್ಟುಸಿರು ಬಿಟ್ಟಂತೆ ಮೆಲ್ಲಗೆ ನೆಲಕ್ಕೆ ಕೂತಿತು. ಪಾನಾ ಮತ್ತೆ ಹಿಂದಕ್ಕೆ ತಿರುಗಿತು.

"ಈಗ ಬಿಡು. ಈಗ ಒತ್ತು. ಹ್ಯಾಂಗದ?"

"ಹಂಗೇ ಅದ್ರಿ. ಕಳಿತ ಬಾಳಿಹಣ್ಣು ತುಳಿದಂಗ."

ಬಾನೆಟ್ಟಿನ ಅಂಚಿನಿಂದ ಸಾಯಿಕುಮಾರನ ತಲೆ ಮೇಲಕ್ಕೆ ಬಂತು. ಹಣೆಯ ಮೇಲೆ ಗ್ರೀಸಿನ ಅಡ್ಡಗೆರೆ. "ನೀನೇ ಸರಿ ಒತ್ತವಲ್ಲಿ. ಕಾಲಾಗ ಜೀವ ಇಲ್ಲ ನಿಂದು."

"ಇರಬೇಕ್ರಿ," ಅಂದಳು ಮಾಯಾ. ಅವಳ ತೊಡೆಯ ಮೇಲೊಂದು ತಟ್ಟೆ ಇತ್ತು. ಕೈಗಳೆರಡೂ ಬಳ್ಳೊಳ್ಳಿ ಸುಲಿಯುತ್ತಿದ್ದವು, ಬಲಗಾಲು ಮಾತ್ರ ಗಂಡನ ಸುಪರ್ದಿಯಲ್ಲಿತ್ತು. ಇದು ಹನ್ನೊಂದನೆಯ ಮುಂಜಾನೆ. ಒಂದನೆಯ ಮುಂಜಾನೆ ಅವಳು ಮೈಯೆಲ್ಲ ಕಿವಿಯಾಗಿ ಕೂತಿದ್ದಳು. ನಾಲ್ಕನೆಯದಕ್ಕೆ ಮೆಂತ್ಯದ ಸೊಪ್ಪು ತಂದುಕೊಂಡಳು. ಈಗಂತೂ ಡ್ರೈವರ್ ಸೀಟು ಅಡುಗೆಮನೆಯ ಇನ್ನೊಂದು ಕಟ್ಟೆಯಾಗಿತ್ತು. ಏಳೂ ಹತ್ತರ ಸಿಟಿ ಬಸ್ಸು ತಪ್ಪಿದರೆ ಮನೆಯಿರುವ ಕೋಟನೂರಿನಿಂದ ಬಸ್‌ಸ್ಟ್ಯಾಂಡಿಗೆ ಆಟೋ, ಅಲ್ಲಿಂದ ಕಮಲಾಪುರದ ಬಸ್ಸಿಗೆ ನೂಕಾಟ. ಕಮಲಾಪುರದ ಸರಕಾರಿ ಆಸ್ಪತ್ರೆಯಲ್ಲಿ ಅವಳು ಸ್ಟಾಫ್ ನರ್ಸ್. ಹಾಜರಿಯ ಯಂತ್ರ ಯಾರ ಗಂಡನ ಬ್ರೇಕಿಗೂ ಕಾಯುವುದಿಲ್ಲ.

"ಇನ್ನೊಂದು ಸಲ," ಅಂದ ಸಾಯಿಕುಮಾರ.

ಮಾಯಾ ಒತ್ತಿದಳು.

ಕಾರು ಅವಳದೇ. ವರ್ಗವಾಗಿ ಹೋದ ಡಾಕ್ಟರಮ್ಮ ಜೂನ್ ತಿಂಗಳಲ್ಲಿ "ನೀನೇ ಇಟ್ಕೊಂಡು ಬಿಡು ಸಿಸ್ಟರ್, ಗಾಡಿ ನಿನ್ನಂಗ ಗಟ್ಟಿ ಅದ" ಅಂತ ಕೊಟ್ಟು ಹೋಗಿದ್ದಳು. ಕಾಗದಪತ್ರ ಮಾಯಾಳ ಹೆಸರಿನಲ್ಲಿದ್ದವು. ಆದರೆ ಕಾರು ಮನೆಗೆ ಬಂದ ದಿನದಿಂದ ಅದರ ಮೇಲೆ ಹಕ್ಕು ಚಲಾಯಿಸಿದವನು ಸಾಯಿಕುಮಾರ. ವಿದ್ಯುತ್ ಕಚೇರಿಯ ಮೀಟರ್ ವಿಭಾಗದಲ್ಲಿ ಕೂತವನಿಗೆ ಯಂತ್ರದ ವಿದ್ಯೆ ತನ್ನ ರಕ್ತದಲ್ಲೇ ಇದೆ ಅಂತ ಮೊದಲಿಂದಲೂ ಅನುಮಾನ. ಮೊಬೈಲಿನಲ್ಲಿ ವಿಡಿಯೋ ನೋಡುತ್ತ ನೋಡುತ್ತ ಆ ಅನುಮಾನ ಖಾತ್ರಿಯಾಯಿತು. ಜುಲೈದಲ್ಲಿ ಹಾರ್ನ್ ಬದಲಾಯಿತು. ಆಗಸ್ಟಿನಲ್ಲಿ ದೀಪ. ಮಾಯಾ ಪ್ರತಿ ಸಲ ಕೇಳುವ ಪ್ರಶ್ನೆ ಒಂದೇ: "ನನಗ ಯಾವಾಗ ಕಲಸ್ತೀರಿ?" ಅವನ ಉತ್ತರವೂ ಒಂದೇ: "ಗಾಡಿ ಮೊದಲು ಸರಿ ಆಗ್ಲಿ. ನಿಮಗ ಹೆಣ್ಣುಮಕ್ಕಳಿಗರ ಬಸ್ಸು ಪುಕ್ಕಟೆ ಅದ, ಆಧಾರ್ ತೋರಿಸಿದ್ರ ಸಾಕು. ಇಷ್ಟ್ಯಾಕ ಅವಸರ?"

ಪುಕ್ಕಟೆ ಬಸ್ಸಿನಲ್ಲಿ ಒಂದು ಕಾಲಿಗೆ ಮಾತ್ರ ಜಾಗ ಸಿಗುತ್ತದೆ, ಇನ್ನೊಂದು ಕಾಲನ್ನು ಮಹಾಗಾಂವ ಕ್ರಾಸಿನಲ್ಲಿ ಯಾರಾದರೂ ಇಳಿದ ಮೇಲೆ ಊರಬೇಕು ಅನ್ನುವುದನ್ನು ಅವಳು ವಿವರಿಸಲು ಹೋಗಲಿಲ್ಲ. ಕೂತು ಹೋಗುವುದಷ್ಟೇ ಅವಳ ಆಸೆಯೂ ಆಗಿರಲಿಲ್ಲ. ದಿನಕ್ಕೆ ಒಂದು ತಾಸು ಯಾರೂ 'ಸಿಸ್ಟರ್' ಅನ್ನದ, 'ಮಾಯಾ' ಅನ್ನದ ಜಾಗದಲ್ಲಿ ಬಾಗಿಲು ಹಾಕಿಕೊಂಡು ಮುಂದಕ್ಕೆ ನೋಡುತ್ತ ಇರಬೇಕು ಅಂತ ಅವಳಿಗೆ ಅನಿಸಿ ವರ್ಷಗಳಾಗಿದ್ದವು.

ಬ್ರೇಕಿನ ಕಥೆ ಶುರುವಾದದ್ದು ಆಗಸ್ಟ್ ಕೊನೆಯ ಭಾನುವಾರ. ಅತ್ತೆ ಭೀಮಬಾಯಿಯ ತವರು ಮಹಾಗಾಂವ. ಮೂವರೂ ಅಲ್ಲಿಗೆ ಹೊರಟರು. ಸಾಯಿಕುಮಾರ ಮೂವತ್ತರ ಮೇಲೆ ಮುಳ್ಳು ಏರಿಸಲಿಲ್ಲ. ತೊಗರಿ ಹೊಟ್ಟು ತುಂಬಿದ ಟ್ರ್ಯಾಕ್ಟರೊಂದು ಹಿಂದಿನಿಂದ ಬಂದು, ಮುಂದಕ್ಕೆ ಹೋಗಿ, ಹೋಗುವಾಗ ಡ್ರೈವರ ಕೈ ಬೀಸಿ ನಮಸ್ಕಾರವನ್ನೂ ಮಾಡಿದ. ಕ್ರಾಸಿನಲ್ಲಿ ಸಾಯಿಕುಮಾರ ಗಾಡಿ ನಿಲ್ಲಿಸಿ ಪ್ಯಾಂಟಿಗೆ ಅಂಗೈ ಒರೆಸಿಕೊಂಡ. ಅಂಗೈ ನೀರಾಗಿತ್ತು. "ಬ್ರೇಕ್ ಸರಿ ಇಲ್ಲ," ಅಂದ. "ನಾಯಿ ಅಡ್ಡ ಬಂದ್ರೂ ನಿಲ್ಲಂಗಿಲ್ಲ ಇದು. ಇದೇ ಕಂಪನಿ ದೊಡ್ಡ ಕಾರಿನ ಬ್ರೇಕು ಇದಕ್ಕ ಕೂಡ್ತಾವ. ನಾ ವಿಡಿಯೋ ನೋಡೀನಿ."

ಮಾಯಾ ಅವನ ಅಂಗೈ ನೋಡಿದಳು. ಕಾರು ಮನೆ ಮುಂದೆ ನಿಂತಷ್ಟು ದಿನ ತನ್ನ ಗಂಡ ದೊಡ್ಡ ಮೆಕ್ಯಾನಿಕ್, ರಸ್ತೆಗಿಳಿದ ದಿನ ಬರೀ ಹೆದರಿದ ಡ್ರೈವರ ಅನ್ನುವುದು ಆವತ್ತೇ ಅವಳಿಗೆ ಗೊತ್ತಾಯಿತು. ಗೊತ್ತಾದದ್ದನ್ನೆಲ್ಲ ಬಾಯಿಬಿಟ್ಟು ಹೇಳಿದರೆ ಹತ್ತೊಂಬತ್ತು ವರ್ಷದ ಸಂಸಾರ ನಡೆಯುತ್ತದೆಯೆ?

ಹೇಳದೆ ಇಟ್ಟುಕೊಂಡದ್ದು ಇನ್ನೊಂದೂ ಇತ್ತು. ಆಸ್ಪತ್ರೆಯ ಜೊತೆಗಾತಿ ಮುನೀರಾ ತನ್ನ ಪುಟ್ಟ ಕಾರಿನಲ್ಲಿ ಮಹಾಗಾಂವದಿಂದ ಬರುತ್ತಿದ್ದಳು. ಡ್ಯೂಟಿ ಮುಗಿದ ಮೇಲೆ ಮುಕ್ಕಾಲು ತಾಸು, ಹೊಲದ ದಾರಿಯಲ್ಲಿ, ಅವಳು ಮಾಯಾಳಿಗೆ ಕಲಿಸಿದಳು. "ಅಕ್ಕಾ, ಎಮ್ಮಿಗೆ ಹಾರ್ನ್ ಹೊಡೀಬ್ಯಾಡ್ರಿ, ಅದು ಯಾರ ಮಾತೂ ಕೇಳಂಗಿಲ್ಲ. ಸುಮ್ಮ ಬ್ರೇಕ್ ಹಿಡೀರಿ." ಮನೆಯಲ್ಲಿ ಬಸ್ಸು ತಡ ಅಂತ ಹೇಳಿದರೆ ನಡೆಯುತ್ತಿತ್ತು. ಬಸ್ಸು ನಿಜಕ್ಕೂ ಸಾಕಷ್ಟು ಸಲ ತಡವಾಗುತ್ತಿದ್ದುದರಿಂದ ಈ ಸುಳ್ಳಿಗೆ ಸುಳ್ಳಿನ ವಾಸನೆಯೇ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಪರೀಕ್ಷೆ ಕೊಟ್ಟಳು, ಪಾಸಾದಳು. ಬಂದ ಲೈಸೆನ್ಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಳದ ಡಬ್ಬಿಯ ತಳಕ್ಕೆ ಇಳಿಸಿದಳು. ಆ ಮನೆಯಲ್ಲಿ ಸಾಯಿಕುಮಾರ ಎಂದೂ ಕೈ ಹಾಕದ ಜಾಗ ಅದೊಂದೇ.

ಬ್ರೇಕಿನ ಸಾಮಾನು ತರಲು ಗಂಡಹೆಂಡತಿ ಇಬ್ಬರೂ ನಬಿಸಾಬನ ಗುಜರಿಗೆ ಹೋಗಿದ್ದರು. ನಬಿಸಾಬನಿಗೆ ಮೊಣಕಾಲು ನೋವು ಬಂದ ಮೇಲೆ ಅಂಗಡಿಯಲ್ಲಿ ಕೂರುವವಳು ಅವನ ಹೆಂಡತಿ ದಿಲ್ಶಾದ್ ಬೇಗಂ. ಬಾಯಿ ತುಂಬ ಎಲೆಅಡಿಕೆ, ಸುತ್ತ ಬಿಚ್ಚಿ ಹಾಕಿದ ಗಾಡಿಗಳ ಎಲುಬು. ಅಪಘಾತವಾದ ಗಾಡಿಯಿಂದ ತೆಗೆದ ಎರಡು ದಪ್ಪ ಕ್ಯಾಲಿಪರುಗಳನ್ನು, ಅಂದರೆ ಡಿಸ್ಕನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ಕಬ್ಬಿಣದ ದವಡೆಗಳನ್ನು, ಅವಳು ಗಿರಾಕಿಯ ಮುಂದೆ ಎತ್ತಿ ಇಟ್ಟಳು.

"ಎರಡೂ ಒಂದೇ ಥರಾ ಕಾಣ್ತಾವ. ಒಂದೇ ಅಲ್ಲ," ಅಂದಳು. ಸುಣ್ಣದ ಡಬ್ಬಿಯಲ್ಲಿ ಬೆರಳದ್ದಿ ಒಂದರ ಬೆನ್ನಿಗೆ ಬಟ್ಟು ಇಟ್ಟಳು. "ಸುಣ್ಣಾ ಇದ್ದದ್ದು ಎಡಗಡೆದು. ಯಾದ್ ಇಟ್ಕೋ ಭಾಯ್. ಚಪ್ಪಲಿ ಅದಲಿಬದಲಿ ಆದ್ರ ಕಾಲಿಗೆ ಗೊತ್ತಾಗ್ತದ, ಇದು ಅದಲಿಬದಲಿ ಆದ್ರ ಯಾರಿಗೂ ಗೊತ್ತಾಗಂಗಿಲ್ಲ."

"ನನಗ ಗೊತ್ತದ ಖಾಲಾ," ಅಂದಿದ್ದ ಸಾಯಿಕುಮಾರ, ವಿಡಿಯೋ ನೋಡಿದವರ ಗತ್ತಿನಲ್ಲಿ.

ಮನೆಗೆ ತಂದು ಹಳೆಯ ರಬ್ಬರು ಕಿತ್ತು, ಒಳಗಿನ ತುಕ್ಕು ಕೆರೆದು, ಅವನು ಕೆಲಸ ಚೆನ್ನಾಗಿಯೇ ಮಾಡಿದ. ಅದನ್ನು ಮಾಯಾ ಒಪ್ಪುತ್ತಿದ್ದಳು. ಹೊಸ ರಬ್ಬರು ಕೂರಿಸಬೇಕು ಅನ್ನುವಷ್ಟರಲ್ಲಿ ಮಹಾನವಮಿ ಬಂತು. ಭೀಮಬಾಯಿಯ ಮನೆಯಲ್ಲಿ ಖಂಡೆಪೂಜೆಗೆ ಕಬ್ಬಿಣದ ಯಾವ ಸಾಮಾನೂ ಹೊರಗೆ ಉಳಿಯುವ ಹಾಗಿಲ್ಲ. ಕುಡುಗೋಲು, ಈಳಿಗೆ, ಮಾಯಾಳ ಕತ್ತರಿ, ಸಾಯಿಕುಮಾರನ ಪಾನಾಗಳು, ಅವುಗಳ ನಡುವೆ ಹೊಸ ಅಳಿಯಂದಿರ ಹಾಗೆ ಎರಡು ಕ್ಯಾಲಿಪರು, ಎಲ್ಲ ದೇವರ ಮುಂದೆ ಕೂತವು. ಬನ್ನಿ ಮುಡಿಯುವ ತನಕ ಯಾವುದನ್ನೂ ಮುಟ್ಟುವಂತಿಲ್ಲ. ದಸರೆಯ ಸಂಜೆ ಬನ್ನಿ ಕೊಟ್ಟು ತಗೊಂಡು, ಬಂಗಾರದಂಗ ಇರೂಣು ಅಂತ ಎಲ್ಲರಿಗೂ ಹೇಳಿ, ಮಾರನೆಯ ದಿನವೇ ಸಾಯಿಕುಮಾರ ಕೆಲಸಕ್ಕೆ ಕೂತ. ರಬ್ಬರು ಹಾಕಿದ, ಬಿಗಿದ, ಎಣ್ಣೆ ತುಂಬಿದ.

ಆಮೇಲೆ ಶುರುವಾದದ್ದೇ ಈ ಒತ್ತು, ಹಿಡಿ, ಬಿಡು. ಕೊಳವೆಯಲ್ಲಿ ಸಿಕ್ಕ ಗಾಳಿಯೆಲ್ಲ ಹೊರಗೆ ಹೋಗಬೇಕು, ಎಣ್ಣೆ ಮಾತ್ರ ಉಳಿಯಬೇಕು, ಆಗ ಪೆಡಲು ಗಟ್ಟಿಯಾಗುತ್ತದೆ. ಗಾಳಿ ಮಾತ್ರ ಹೋಗಲೊಲ್ಲದು. ಸಾಯಿಕುಮಾರ ಮೊದಲು ಎಣ್ಣೆಯನ್ನು ಬೈದ. ಆಮೇಲೆ ರಬ್ಬರನ್ನು. ಎಣ್ಣೆ ತಳ್ಳುವ ಸಿಲಿಂಡರೊಂದನ್ನು ಗುಜರಿಯಿಂದ ತಂದು ಬದಲಾಯಿಸಿ, ಅದನ್ನೂ ಬೈದ. ಬೈಯಲು ಬೇರೇನೂ ಉಳಿಯದಾಗ ಹೆಂಡತಿಯ ಕಾಲಿಗೆ ಬಂದ.

ಆವತ್ತು ಗುರುವಾರ, ಆಸ್ಪತ್ರೆಯಲ್ಲಿ ಲಸಿಕೆಯ ದಿನ. ಹೊರಗೆ ಕಮಲಾಪುರದ ಸಂತೆಗೆ ಹೊರಟಷ್ಟು ಗದ್ದಲ, ಒಳಗೆ ಕೂಸುಗಳ ರಾಗ. ಮುನೀರಾ ಒಂದು ಗಂಡುಕೂಸಿನ ತೊಡೆ ಹಿಡಿದಿದ್ದಳು. ಮಾಯಾ ಸಿರಿಂಜಿಗೆ ಔಷಧ ಎಳೆದು, ಸೂಜಿ ಮೇಲಕ್ಕೆ ಮಾಡಿ, ಉಗುರಿನಿಂದ ಎರಡು ಸಲ ತಟ್ಟಿದಳು. ಸಾಸಿವೆಯಷ್ಟು ಗುಳ್ಳೆ ಅಂಚಿನಿಂದ ಬಿಟ್ಟುಕೊಂಡು ಮೇಲಕ್ಕೆ ಏರಿ ಸೂಜಿಯ ಬುಡಕ್ಕೆ ಸೇರಿತು. ಮೆಲ್ಲಗೆ ತಳ್ಳಿದಳು. ಗುಳ್ಳೆ ಹೊರಗೆ ಹೋಯಿತು.

ಇಪ್ಪತ್ತೆರಡು ವರ್ಷದಿಂದ ಮಾಡುತ್ತ ಬಂದ ಕೆಲಸ. ಅವಳು ಸಿರಿಂಜನ್ನು ಹಾಗೇ ಹಿಡಿದು ನಿಂತಳು. ಸೂಜಿ ಕೆಳಗೆ ಮಾಡಿ ತಳ್ಳಿದ್ದರೆ? ಔಷಧ ಹೋಗುತ್ತಿತ್ತು, ಗುಳ್ಳೆ ಮೇಲೆಯೇ ಕೂತು ನಗುತ್ತಿತ್ತು. ಹನ್ನೊಂದು ದಿನ ತಳ್ಳಿದರೂ.

"ಅಕ್ಕಾ," ಅಂದಳು ಮುನೀರಾ. "ಕೂಸು ಕಾಯಾಕತ್ತದ. ಅದಕ್ಕೂ ಬ್ಯಾರೆ ಕೆಲಸ ಇರ್ತದ."

ಸಂಜೆ ಮನೆಗೆ ಬಂದವಳು ಚೀಲ ಇಳಿಸದೆಯೇ ಕಾರಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತಳು. ಸಾಯಿಕುಮಾರ ಇನ್ನೂ ಕಚೇರಿಯಲ್ಲಿದ್ದ. ಮೊಬೈಲಿನ ಬೆಳಕು ಬಿಟ್ಟು ನೋಡಿದಳು. ಗಾಳಿ ಬಿಡುವ ನಿಪ್ಪಲ್ಲು ಕ್ಯಾಲಿಪರಿನ ಕೆಳಭಾಗದಲ್ಲಿ ನೆಲ ನೋಡುತ್ತಿತ್ತು. ಇನ್ನೊಂದು ಕಡೆಗೆ ಹೋಗಿ ನೋಡಿದಳು. ಅಲ್ಲಿಯೂ ಅಷ್ಟೇ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

ಹಾಗಾದರೆ ಸುಣ್ಣ?

ಭೀಮಬಾಯಿ ಕಟ್ಟೆಯ ಮೇಲೆ ಕೂತು ಸಜ್ಜೆ ಹಸನು ಮಾಡುತ್ತಿದ್ದಳು. ಎಪ್ಪತ್ತೊಂದರ ಹೆಂಗಸು, ನೋಟ ಮೊರದ ಮೇಲೆಯೇ ಇದ್ದರೂ ಓಣಿಯ ಯಾವ ಸುದ್ದಿಯೂ ಅವಳಿಂದ ತಪ್ಪುತ್ತಿರಲಿಲ್ಲ.

"ಅತ್ತಿ," ಅಂದಳು ಮಾಯಾ. "ಖಂಡಿ ಪೂಜಾದಾಗ ಆ ಎರಡು ಕಬ್ಬಿಣದ ಸಾಮಾನು ಇಟ್ಟಿದ್ರಲ್ಲ, ಒಂದರ ಮ್ಯಾಲ ಸುಣ್ಣದ ಬಟ್ಟು ಇತ್ತಲ್ರಿ?"

"ಇತ್ತು."

"ಏನಾತು ಅದು?"

"ಏನಾಗ್ತದ? ಹುಣಸಿಹಣ್ಣು ಹಚ್ಚಿ ತಿಕ್ಕಿ ತೊಳದೀನಿ. ಎಲಿ ತಿನ್ನೂ ಬಾಯಾಗಿನ ಎಂಜಲ ಬಟ್ಟು, ದೇವರ ಮುಂದ ಹಂಗೇ ಇಡ್ಲೇನು? ಆಮ್ಯಾಲ ಎರಡಕ್ಕೂ ವಿಭೂತಿ ಹಚ್ಚಿ ಕುಂಕುಮ ಇಟ್ಟೀನಿ."

ಮಾಯಾಳಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡಳು. ಹನ್ನೊಂದು ಮುಂಜಾನೆ, ಒಂದು ಸಿಲಿಂಡರು, ತನ್ನ ಕಾಲಿನ ಮಾನ, ಎಲ್ಲ ಹುಣಸೆಹಣ್ಣಿನ ಜೊತೆ ಬಚ್ಚಲಿಗೆ ಹೋಗಿತ್ತು.

"ನಗಾಕೇನಾತು? ನಮ್ಮ ಮನ್ಯಾಗ ಪೂಜಾ ಅಂದ್ರ ಪೂಜಾ. ಒಂದ್ ಸಾಮಾನೂ ಬಿಡಂಗಿಲ್ಲ ನಾ." ಭೀಮಬಾಯಿ ಮೊರವನ್ನು ಒಮ್ಮೆ ಕೇರಿ ಹೊಟ್ಟು ಹಾರಿಸಿದಳು. "ಜೋಳದ ಡಬ್ಬಿಯೊಳಗಿನದಕ್ಕೂ ಕುಂಕುಮ ಇಟ್ಟೀನಿ."

ಮಾಯಾ ಬಾಯಿಯ ಸೆರಗು ಬಿಟ್ಟು ಎದ್ದಳು. ಒಳಗೆ ಹೋಗಿ ಡಬ್ಬಿಗೆ ಮೊಣಕೈ ತನಕ ಕೈ ಇಳಿಸಿದಳು. ಲೈಸೆನ್ಸು ಹಾಗೇ ಇತ್ತು. ಫೋಟೋದಲ್ಲಿನ ಅವಳ ಹಣೆಗೆ ಸರಿಯಾಗಿ ಒಂದು ಕುಂಕುಮದ ಬೊಟ್ಟು.

ಹೊರಗೆ ಬಂದು ಅತ್ತೆಯ ಪಕ್ಕ ಕೂತಳು. ಮೊರದಿಂದ ಒಂದು ಹಿಡಿ ಸಜ್ಜೆ ತಗೊಂಡು ಕಲ್ಲು ಆರಿಸತೊಡಗಿದಳು.

"ಯಾವಾಗಿಂದ ಗೊತ್ತು?"

"ಹಬ್ಬದ ಹಿಂದಿನ ದಿನಾ. ಜೋಳಾ ಹಾಕಿಕೊಳ್ಳಾಕ ಕೈ ಇಟ್ಟೆ, ನಿನ್ನ ಮಾರಿ ಬಂತು ಕೈಯಾಗ."

"ಅವರಿಗೆ ಹೇಳ್ಲಿಲ್ಲ?"

"ಅಂವ ನನ್ನ ಕೇಳಿಲ್ಲ." ಭೀಮಬಾಯಿ ಒಂದು ಕಲ್ಲು ಆರಿಸಿ ಬೀದಿಗೆ ಎಸೆದಳು. "ನನ್ನ ಮಗ ನನಗ ಗೊತ್ತಿಲ್ಲೇನು? ಸೈಕಲ್ ಕಲಿಯಾಕ ಹೋಗಿ ಮೂರು ವರ್ಷ ಬರೀ ಚೈನಿಗೆ ಎಣ್ಣಿ ಬಿಟ್ಟಾಂವ. ನನಗ ಮಹಾಗಾಂವಕ್ಕ ಹೋಗಬೇಕಾಗ್ಯದ. ಅಂವ ಕರ್ಕೊಂಡು ಹೋಗೂದಾದ್ರ ನಡಕೋತ ಹೋದ್ರ ಲಗೂನ ಮುಟ್ತೀನಿ."

ಮಾಯಾಳಿಗೆ ಎರಡು ದಾರಿಗಳಿದ್ದವು. ಗಂಡ ಬಂದ ಕೂಡಲೇ ನಿಪ್ಪಲ್ಲು ತೋರಿಸುವುದು ಒಂದು. ತೋರಿಸಿದರೆ ಅವನು ಮೊದಲು ತಾಯಿಯ ಮೇಲೆ ಹೋಗುತ್ತಾನೆ, ಆಮೇಲೆ ಮುಖ ಸಣ್ಣದು ಮಾಡಿಕೊಂಡು ಒಂದು ವಾರ ಮಾತಾಡುವುದಿಲ್ಲ. ಆ ವಾರದಲ್ಲಿ ಕಾರಿನ ಮೇಲೆ ಹೊದಿಕೆ ಬೀಳುತ್ತದೆ. ಒಮ್ಮೆ ಬಿದ್ದ ಹೊದಿಕೆ ಯುಗಾದಿಯ ತನಕ ಏಳುವುದಿಲ್ಲ. ಅವನ ಹಳೆಯ ಮಿಕ್ಸರ್ ರಿಪೇರಿಯ ಕಥೆ ಅವಳಿಗೆ ಚೆನ್ನಾಗಿ ನೆನಪಿತ್ತು.

ಇನ್ನೊಂದು ದಾರಿಗೆ ಪಾನಾ ಬೇಕಿತ್ತು. ಪಾನಾಗಳ ಪೆಟ್ಟಿಗೆಯ ಕೀಲಿಕೈ ಸಾಯಿಕುಮಾರನ ಕಿಸೆಯಲ್ಲಿರುತ್ತಿತ್ತು. ಮಾಯಾ ಗುಜರಿಯ ಬೇಗಂಗೆ ಫೋನು ಮಾಡಿದಳು.

ಭಾನುವಾರ ಡ್ಯೂಟಿ ಮಾಡಿದ್ದಕ್ಕೆ ಮಾಯಾಳಿಗೆ ಮಂಗಳವಾರ ರಜೆ ಇತ್ತು. ಸಾಯಿಕುಮಾರ ಕಚೇರಿಗೆ ಹೋದ ಅರ್ಧ ತಾಸಿಗೆ ಮನೆ ಮುಂದೆ ಆಟೋ ನಿಂತಿತು. ದಿಲ್ಶಾದ್ ಬೇಗಂ ಇಳಿದಳು. ಆಟೋದವನು ಗೊಣಗುತ್ತ ದಪ್ಪ ಕಟ್ಟಿಗೆಯ ನಾಲ್ಕು ದಿಮ್ಮಿ, ಒಂದು ಜಾಕು ಇಳಿಸಿಕೊಟ್ಟ. ಬೇಗಂ ಬುರ್ಖಾದ ಒಳಗೆ ಕೈ ಹಾಕಿ ಹದಿನಾಲ್ಕರ ಪಾನಾ ತೆಗೆದಳು, ಹದಿನೇಳರದ್ದು ತೆಗೆದಳು, ಕೊನೆಗೆ ಎಲೆಯ ಡಬ್ಬಿ ತೆಗೆದಳು.

"ಯಾ ಅಲ್ಲಾ," ಅಂದಳು ಕಾರಿನ ಕೆಳಗೆ ನೋಡಿ. "ಶಹಾಬಾದ ಫರ್ಸಿ ಕಲ್ಲಿನ ಮ್ಯಾಲ ಗಾಡಿ ನಿಲ್ಲಿಸ್ಯಾನಲ್ಲ. ಫರ್ಸಿ ಅಂದ್ರ ಹಪ್ಪಳ ಇದ್ದಂಗ, ಯಾವಾಗ ಕಟ್ ಅಂತದ ಹೇಳಾಕಾಗಂಗಿಲ್ಲ. ಮೊದಲು ದಿಮ್ಮಿ ಕೊಡೂಣು."

ಕೊಟ್ಟರು. ಆಮೇಲೆ ಮಾಯಾ ಸೆರಗು ಸಿಕ್ಕಿಸಿ ಕೂತಳು. ಬೇಗಂ ಬೆರಳು ಮಾಡಿದ ಕಡೆ ಪಾನಾ ಹಾಕಿದಳು. ಮೊದಲ ಬೋಲ್ಟು ಜಗ್ಗಲಿಲ್ಲ. ಎರಡೂ ಕೈ ಹಾಕಿ ಮೈಭಾರ ಬಿಟ್ಟಾಗ ಕಟ್ಟನೆ ಸಡಿಲವಾಯಿತು, ಆ ಸದ್ದು ಅವಳ ತೋಳಿನೊಳಗೂ ಆಯಿತು. ಕ್ಯಾಲಿಪರು ಬಿಚ್ಚಿಕೊಂಡು ಅಂಗೈಗೆ ಬಂದಾಗ ಅದರ ತೂಕಕ್ಕೆ ಅವಳಿಗೆ ಅಚ್ಚರಿಯಾಯಿತು. ಆಗ ತಾನೇ ಹುಟ್ಟಿದ ಕೂಸಿನಷ್ಟಿತ್ತು.

ಕಟ್ಟೆಯ ಮೇಲಿಂದ ಭೀಮಬಾಯಿ, ಕೆಳಗಿನಿಂದ ದಿಲ್ಶಾದ್ ಬೇಗಂ ಮಾತು ಶುರು ಮಾಡಿದ್ದರು.

"ಬಾಯೀ, ನನ್ನ ಸುಣ್ಣಾ ಅಷ್ಟು ಚುಚ್ಚಿತೇನು ನಿಮಗ?"

"ಎಂಜಲ ಬಟ್ಟಿಂದು ದೇವರ ಮುಂದ ಹ್ಯಾಂಗ ಇಡ್ಲಿ? ನೀವು ದರ್ಗಾದಾಗ ಇಡ್ತೀರೇನು?"

"ಇಡಂಗಿಲ್ಲ."

"ಮತ್ತ?"

"ಮತ್ತ ತಿಕ್ಕಿದ ಮ್ಯಾಲ ಹೊಸಾದೊಂದು ಗುರ್ತು ಹಚ್ಚಬೇಕಿತ್ತು."

"ಹಚ್ಚೀನಲ್ಲ, ವಿಭೂತಿ. ಎರಡಕ್ಕೂ. ನಾ ಯಾರಿಗೂ ಭೇದ ಮಾಡಂಗಿಲ್ಲ."

ಬೇಗಂ ನಗುವಾಗ ಎಲೆಯ ರಸ ಗಂಟಲಿಗೆ ಹತ್ತಿ ಕೆಮ್ಮಿದಳು. "ನಿಮ್ಮ ಮಗಾ ಅಂಗಡಿಗೆ ಮೂರು ಸಲ ಬಂದಾನ. ಬಂದಾಗೊಮ್ಮೆ ನಿಮ್ಮ ಸಾಮಾನು ಖರಾಬ್ ಅದ ಅಂತಾನ. ಬಸ್ಸಿಗೆ ಗಾಳೀಲೇ ಬ್ರೇಕ್ ಹಿಡೀತದ ಭಾಯ್, ನಿನ್ನ ಗಾಡ್ಯಾಗ ಗಾಳಿ ಬಾಳ ಅದ, ಬಸ್ಸೇ ಮಾಡಿಬಿಡು ಅಂದೆ. ಸಿಟ್ಟಿಲೆ ಹೋದ."

ಎಡದ್ದನ್ನು ಎಡಕ್ಕೆ, ಬಲದ್ದನ್ನು ಬಲಕ್ಕೆ ಕೂರಿಸಿದರು. ಕೊಳವೆ ಸೇರುವಲ್ಲಿ ಬೇಗಂ ತಂದ ತಾಮ್ರದ ಹೊಸ ಬಿಲ್ಲೆ ಹಾಕಿ ಬಿಗಿದರು. ನಿಪ್ಪಲ್ಲುಗಳೆರಡೂ ಈಗ ಮೇಲೆ, ಆಕಾಶ ನೋಡುತ್ತಿದ್ದವು. ಹೊಸ ಎಣ್ಣೆ ತುಂಬಿದರು. ಈಗ ಪೆಡಲು ಒತ್ತಲು ಒಂದು ಕಾಲು ಬೇಕು.

ಭೀಮಬಾಯಿ ತಾನಾಗಿಯೇ ಎದ್ದಳು. ಕಚ್ಚೆ ಸೀರೆ ಬಿಗಿದುಕೊಂಡು ಡ್ರೈವರ್ ಸೀಟಿಗೆ ಹತ್ತಿ, ಸ್ಟೇರಿಂಗನ್ನು ಬೀಸುವ ಕಲ್ಲಿನ ಗೂಟದಂತೆ ಬಿಗಿಯಾಗಿ ಹಿಡಿದಳು.

ಮಾಯಾ ಗಾಲಿಯ ಜಾಗದಲ್ಲಿ ಕೂತು ಪಾನಾ ಹಾಕಿದಳು. ಇನ್ನು 'ಒತ್ತು' ಅನ್ನಬೇಕು. ಹತ್ತೊಂಬತ್ತು ವರ್ಷದಲ್ಲಿ ಈ ಮನೆಯಲ್ಲಿ ಈ ಶಬ್ದ ಹೇಳುವ ಸರದಿ ತನಗೆ ಬಂದಿರಲಿಲ್ಲ.

"ಒತ್ರಿ, ಅತ್ತಿ."

ಒತ್ತಿದಳು.

"ಹಿಡೀರಿ."

ಪಾನಾ ತಿರುಗಿಸಿದಳು. ಪಾರದರ್ಶಕ ಕೊಳವೆಯಲ್ಲಿ ಗುಳ್ಳೆಗಳು ಸಾಲು ಹಿಡಿದು ಹೊರಟವು, ಶಾಲೆ ಬಿಟ್ಟಾಗ ಹುಡುಗರು ಹೊರಟ ಹಾಗೆ. ಬಾಟಲಿಯಲ್ಲಿ ಬುಳುಬುಳು ಸದ್ದು. ಇನ್ನೊಮ್ಮೆ. ಇನ್ನೊಮ್ಮೆ. ಎಂಟನೆಯ ಸಲಕ್ಕೆ ಎಣ್ಣೆ ಮಾತ್ರ ಬಂತು. ಇನ್ನೊಂದು ಕಡೆಯೂ ಹಾಗೆಯೇ ಮಾಡಿದರು.

"ಈಗ ಹ್ಯಾಂಗದ ಅತ್ತಿ?"

ಭೀಮಬಾಯಿ ಇನ್ನೊಮ್ಮೆ ಒತ್ತಿ ನೋಡಿದಳು. "ಇದೀಗ ನೆಲಾ ತುಳಿದಂಗಾತು ನೋಡು."

ಗಾಲಿ ಹಾಕಿದರು. ನಟ್ಟುಗಳನ್ನು ಬೇಗಂ ಎರಡೆರಡು ಸಲ ಬಿಗಿದಳು. ಮಾಯಾ ಹ್ಯಾಂಡ್‌ಬ್ರೇಕಿನ ಮೇಲೆ ಒಂದು ಕೈ ಇಟ್ಟುಕೊಂಡೇ ಗೇಟಿನಿಂದ ಗಾಡಿ ಹೊರಗೆ ತಂದಳು. ಮನೆ ಹಿಂದಿನ ಲೇಔಟಿನಲ್ಲಿ ಇನ್ನೂ ಮನೆಗಳೆದ್ದಿರಲಿಲ್ಲ. ನಡೆಯುವಷ್ಟು ವೇಗದಲ್ಲಿ ಹೋಗಿ ಒತ್ತಿದಳು, ನಿಂತಿತು. ಸ್ವಲ್ಪ ಜೋರು, ಒತ್ತಿದಳು, ನಿಂತಿತು. ಆಮೇಲೆ ನಲವತ್ತಕ್ಕೆ ಏರಿಸಿ ಒತ್ತಿದಳು. ಎಡಕ್ಕೂ ಎಳೆಯದೆ ಬಲಕ್ಕೂ ಎಳೆಯದೆ, ಕರೆದರೆ ನಿಲ್ಲುವ ಒಳ್ಳೆಯ ಎತ್ತಿನಂತೆ ಗಾಡಿ ನಿಂತಿತು. ಹಿಂದಿನ ಸೀಟಿನಲ್ಲಿ ಭೀಮಬಾಯಿ, ದಿಲ್ಶಾದ್ ಬೇಗಂ ಇಬ್ಬರೂ ಒಟ್ಟಿಗೆ ಮುಂದಕ್ಕೆ ಬಾಗಿ ಒಟ್ಟಿಗೆ ಹಿಂದಕ್ಕೆ ಬಂದರು.

"ನಿಮ್ಮ ಗಂಡ ಸಾಮಾನು ಛಲೋ ಆರಿಸ್ಯಾನ," ಅಂದಳು ಬೇಗಂ. "ಆ ಮಾತು ಖರೇ."

ಮೂರು ಗಂಟೆಯ ಹೊತ್ತಿಗೆ ಕಾರು ಮೊದಲಿದ್ದ ಜಾಗದಲ್ಲಿ, ಮೊದಲಿದ್ದಂತೆ ಗಾಲಿ ಬಿಚ್ಚಿಕೊಂಡು ಫರ್ಸಿಯ ಮೇಲೆ ನಿಂತಿತ್ತು. ಬಾಣಂತಿಯ ಮಂಚಕ್ಕೆ ಮೆತ್ತೆ ಕೊಟ್ಟ ಹಾಗೆ ಒಳಗಡೆ, ಹೊರಗೆ ಕಾಣದಂತೆ, ಎರಡು ದಿಮ್ಮಿಯನ್ನೂ ಬಿಟ್ಟಿದ್ದರು.

ಸಾಯಿಕುಮಾರ ಆರೂವರೆಗೆ ಬಂದ. ಬಂದವನೇ ಬಟ್ಟೆ ಬದಲಿಸಿ, "ಇವತ್ತೊಂದು ಕಡೀ ಸಲ ನೋಡೂಣು" ಅಂತ ಪೆಟ್ಟಿಗೆಯ ಕೀಲಿ ತೆಗೆದ. ಮಾಯಾ ಬಳ್ಳೊಳ್ಳಿಯ ತಟ್ಟೆ ಹಿಡಿದು ತನ್ನ ಜಾಗದಲ್ಲಿ ಕೂತಳು. ಭೀಮಬಾಯಿ ಕಟ್ಟೆಯ ಮೇಲೆ ಮೊರ ಹಿಡಿದಳು. ಮೊರದಲ್ಲಿ ಏನೂ ಇರಲಿಲ್ಲ.

ಸಾಯಿಕುಮಾರ ಎಡಗಡೆಯ ಗಾಲಿಯ ಜಾಗದಲ್ಲಿ ಬೆಳಕು ಬಿಟ್ಟ. ಕತ್ತು ಒಳಗೆ ಹಾಕಿ ನೋಡಿದ. ಮಾಯಾಳ ಬೆರಳು ಬಳ್ಳೊಳ್ಳಿಯ ಮೇಲೆಯೇ ನಿಂತಿತು.

"ಇದೇನು ಬೆಳ್ಳಗ?" ಅಂದ ಅವನು. "ಸುಣ್ಣ ಇದ್ದಂಗದ."

ಬೇಗಂ ರೂಢಿಯ ಕೈಯಿಂದ ಹೋಗುವಾಗ ಮತ್ತೊಂದು ಬಟ್ಟು ಇಟ್ಟು ಹೋಗಿದ್ದಳು.

"ಹಲ್ಲಿ ಹೇತಿರಬೇಕು," ಅಂದಳು ಭೀಮಬಾಯಿ, ಖಾಲಿ ಮೊರ ಕೇರುತ್ತ. "ಎಷ್ಟ್ ದಿನಾ ಆತು ನಿಂತು. ಇನ್ನೊಂದ್ ವಾರಕ್ಕ ಮರಿ ಹಾಕ್ತದ."

ಸಾಯಿಕುಮಾರ ಬೆರಳಿನಿಂದ ಒರೆಸಿ ಮೂಸಿ ನೋಡಿ ಪ್ಯಾಂಟಿಗೆ ತಿಕ್ಕಿದ. "ಒತ್ತು."

ಮಾಯಾ ಒತ್ತಿದಳು. ಕಾಲು ಕಲ್ಲಿಗೆ ತಾಗಿದಂತೆ ನಿಂತಿತು.

"ಹ್ಯಾಂಗದ?"

"ಗಟ್ಟಿ ಆಗ್ಯದ್ರಿ," ಅಂದಳು, ಧ್ವನಿಯಲ್ಲಿ ಸಾಕಷ್ಟು ಬೆರಗು ಬೆರೆಸಿ.

ಅವನು ಓಡಿ ಬಂದು ಅವಳನ್ನು ಇಳಿಸಿ ತಾನೇ ಒತ್ತಿ ನೋಡಿದ. ಇಳಿದ. ಮತ್ತೆ ಹೋಗಿ ನಿಪ್ಪಲ್ಲು ನೋಡಿದ. ಬೆಳಕಿನ ಹಿಂದೆ ಅವನ ಮುಖ ಕಾಣಲಿಲ್ಲ. ಎದ್ದಾಗ ಎದೆ ಎರಡು ಇಂಚು ಉಬ್ಬಿತ್ತು.

"ನೋಡು, ನಿಪ್ಪಲ್ಲು ಮ್ಯಾಲ ಅದ. ಗಾಳಿ ಯಾವಾಗ್ಲೂ ಮ್ಯಾಲ ಹೋಗ್ತದ. ಇದು ಸೈನ್ಸು. ಬಿಡದ ಹದಿನೈದು ದಿನಾ ಒತ್ತಿದ್ದಕ್ಕ ಹೋಗ್ಯದ. ಬ್ಯಾರೆಯವ ಆಗಿದ್ರ ಮೂರನೇ ದಿನಾ ಕೈ ಬಿಡ್ತಿದ್ದ."

"ಹೌದ್ರಿ," ಅಂದಳು ಮಾಯಾ. ಅವನ ಮುಖದ ಖುಷಿ ನೋಡಿ ಅವಳಿಗೂ ಖುಷಿಯಾಯಿತು, ಅದು ಸುಳ್ಳಲ್ಲ. ಹಾಗಾದರೆ ಈ ಭಾನುವಾರ ಕಲಿಸುತ್ತಾನೆ. ಎರಡು ಸಲ ಎಂಜಿನ್ ಆರಿಸಬೇಕು, ಒಮ್ಮೆ ಕ್ಲಚ್ ಯಾವುದು ಅಂತ ಕೇಳಬೇಕು. ಮುಂದಿನ ತಿಂಗಳ ಹೊತ್ತಿಗೆ 'ಇಷ್ಟು ಲಗೂನ ಕಲಿತಿ' ಅಂತ ಅವನೇ ಊರೆಲ್ಲ ಹೇಳಿಕೊಂಡು ಬರಲಿ. ಇಷ್ಟೆಲ್ಲ ಅವಳು ಬಳ್ಳೊಳ್ಳಿಯ ತಟ್ಟೆ ಹಿಡಿದು ನಿಂತಲ್ಲೇ ಹೊಂದಿಸಿಕೊಂಡಳು.

ಊಟಕ್ಕೆ ಕೂತಾಗ ಅವಳು ಕಮಲಾಪುರದ ಕೆಂಪು ಬಾಳೆಹಣ್ಣು ಸುಲಿದು ಅವನ ತಟ್ಟೆಗೆ ಇಟ್ಟಳು. ಗಾಲಿಗಳು ಆಗಲೇ ಗಾಡಿಗೆ ಏರಿದ್ದವು.

"ಭಾನುವಾರ ಕಲಸ್ತೀರಲ್ರಿ?"

"ಎಲ್ಲಿ ಭಾನುವಾರ?" ಸಾಯಿಕುಮಾರ ಹಣ್ಣು ಕಚ್ಚಿದ. "ಇಷ್ಟು ಗಟ್ಟಿ ಬ್ರೇಕ್ ಬಂದ ಮ್ಯಾಲ ಹಳೇ ಸಸ್ಪೆನ್ಶನ್ ತಡಕೊಳ್ಳಂಗಿಲ್ಲ. ಮುಂದಿನ ಎರಡೂ ಬದಲಿ ಮಾಡಬೇಕು. ದೊಡ್ಡ ಗಾಡಿದು ಕೂಡ್ತದ, ವಿಡಿಯೋ ನೋಡೀನಿ. ನಾಳೆ ಸಂಜಿಗೆ ಮತ್ತ ಕಲ್ಲಿಗೆ ಏರಿಸ್ತೀನಿ. ಸಂಕ್ರಾಂತಿ ಅನ್ನೂದರಾಗ ಎಲ್ಲಾ ಆಗ್ತದ. ಆಮ್ಯಾಲ ಆರಾಮಾಗಿ ಕಲಸ್ತೀನಿ. ಬಸ್ಸು ಅದಲ್ಲ."

ಭೀಮಬಾಯಿ ತಟ್ಟೆಯಿಂದ ತಲೆ ಎತ್ತಿ ಸೊಸೆಯ ಕಡೆ ಒಮ್ಮೆ ನೋಡಿದಳು. ಮಾಯಾ ನೋಡಲಿಲ್ಲ. "ಇನ್ನೊಂದು ಹಣ್ಣು ಹಾಕ್ಲೇನ್ರಿ?" ಅಂತ ಕೇಳಿದಳು.

ಪಾತ್ರೆ ತೊಳೆದಿಟ್ಟು, ಮುಂಜಾನೆಯ ರೊಟ್ಟಿಗೆ ಹಿಟ್ಟು ಇದೆಯೋ ನೋಡಿ, ಡ್ಯೂಟಿಯ ಚೀಲ ತೆಗೆದಳು. ಚೀಲದ ಮುಂದಿನ ಖಾನೆಯಲ್ಲಿ ದಿನಾ ಕಂಡಕ್ಟರನಿಗೆ ತೋರಿಸಿ ತೋರಿಸಿ ಅಂಚು ಸವೆದ ಆಧಾರ್ ಕಾರ್ಡು ಇತ್ತು. ಅದನ್ನು ಹೊರಗೆ ತೆಗೆದಳು. ಕ್ಯಾಲೆಂಡರಿನ ಪಕ್ಕದ ಮೊಳೆಯಲ್ಲಿ ಕಾರಿನ ಕೀಲಿಕೈ ತೂಗುತ್ತಿತ್ತು. ಅದನ್ನು ಈಗ ಮುಟ್ಟಲಿಲ್ಲ. ಮುಂಜಾನೆ ಏಳೂ ಹತ್ತಕ್ಕೆ ಸಾಯಿಕುಮಾರ ಬಚ್ಚಲಲ್ಲಿರುತ್ತಾನೆ, ಹಾಡು ಹೇಳುತ್ತಿರುತ್ತಾನೆ.

ಅಡುಗೆಮನೆಗೆ ಹೋಗಿ ಜೋಳದ ಡಬ್ಬಿಯ ಮುಚ್ಚಳ ತೆಗೆದು ಕೈ ಇಳಿಸಿದಳು.

"ಏನ್ ಹುಡುಕಾಕತ್ತಿ?" ಅಂದಳು ಭೀಮಬಾಯಿ, ಹಾಸಿಗೆ ಹಾಸುತ್ತ.

"ಏನಿಲ್ರಿ ಅತ್ತಿ. ಜೋಳಾ ಎಷ್ಟು ಉಳದಾವ ಅಂತ ನೋಡಾಕತ್ತಿದ್ದೆ."

ಲೈಸೆನ್ಸು ಚೀಲದ ಮುಂದಿನ ಖಾನೆಗೆ ಬಂತು, ಕುಂಕುಮ ಅಳಿಯದಂತೆ ಮುಖ ಒಳಗಾಗಿ. ಆಧಾರ್ ಕಾರ್ಡು ಜೋಳದ ತಳಕ್ಕೆ ಇಳಿಯಿತು. ಮಾಯಾ ಮುಚ್ಚಳ ಹಾಕಿ, ಕೈಗೆ ಹತ್ತಿದ ಹೊಟ್ಟು ಸೆರಗಿಗೆ ಒರೆಸಿಕೊಂಡು, ಮೊಬೈಲಿನಲ್ಲಿ ದಿನದಂತೆ ಐದೂವರೆಗೆ ಅಲಾರಂ ಇಟ್ಟಳು.